ಬೀಳ್ಕೊಡುಗೆಗೊಂದು ಜಾಗ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಮೂರ್ನಾಲ್ಕು ವಾರಗಳಿವೆ ಎನ್ನುವಾಗ ನಮ್ಮ ಪ್ರೌಢಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭದ ಗಡಿಬಿಡಿ ಆರಂಭವಾಗುತ್ತದೆ. ಮುಖ್ಯ ಅತಿಥಿಗಳಾಗಿ ಯಾರನ್ನು ಕರೆಯಬೇಕು, ಶಾಲೆಗೆ ನೆನಪಿನ ಕಾಣಿಕೆಯಾಗಿ ಗೋಡೆ ಗಡಿಯಾರ ಕೊಡುವುದೋ ಫ್ಯಾನು ಕೊಡುವುದೋ, ಉಪ್ಪಿಟ್ಟಿನ ಜೊತೆಗೆ ಕೇಸರಿಬಾತು ಇರಬೇಕೋ ಬೇಡವೋ ಎಂಬ ಚರ್ಚೆಗಳೆಲ್ಲ ಒಂದು ವಾರದಲ್ಲಿ ಹೇಗೋ ಬಗೆಹರಿಯುತ್ತವೆ. ಬಗೆಹರಿಯದೆ ಉಳಿಯುವ ಪ್ರಶ್ನೆ ಒಂದೇ: ಸಮಾರಂಭ ನಡೆಯಬೇಕಾದದ್ದು ಎಲ್ಲಿ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ವರು ಈಗ ಬೇರೆ ಬೇರೆ ಊರುಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಅವರಲ್ಲೊಬ್ಬರಾದರೂ ಫೋನು ಮಾಡಿ, "ಸಾರ್, ಮಕ್ಕಳು ಕಲ್ಯಾಣ ಮಂಟಪವೇ ಬೇಕು ಅಂತ ಹಟ ಹಿಡಿದಿದ್ದಾರೆ, ಏನು ಮಾಡಲಿ?" ಎಂದು ಕೇಳುವುದು ಪ್ರತಿವರ್ಷದ ವಾಡಿಕೆಯಾಗಿದೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಇಲ್ಲಿಯೇ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಕುಳಿತಿದ್ದೇನೆ. ಬಂಧುಗಳು ಇದು ಮೇಷ್ಟರುಗಳ ವಿಷಯವೆಂದು ಬೇಸರಿಸಬಾರದು. ನಿಮ್ಮ ಮನೆಗಳಲ್ಲಿಯೂ ಹತ್ತನೆಯ ತರಗತಿಯ ಮಕ್ಕಳಿದ್ದಾರೆ.

ಮೊದಲು ಈ ಸಮಾರಂಭದ ಸ್ವಭಾವವನ್ನು ಕುರಿತು ಒಂದು ಮಾತು. ಅಮೆರಿಕದ ಹೈಸ್ಕೂಲುಗಳಲ್ಲಿ ನಿಲುವಂಗಿ ತೊಟ್ಟು, ಚೌಕಾಕಾರದ ಟೋಪಿ ಧರಿಸಿ ನಡೆಸುವ ಸಮಾರಂಭವು ವ್ಯಾಸಂಗ ಪೂರೈಸಿದವರದು. ನಮ್ಮದು ಪರೀಕ್ಷೆಗೆ ಮುಂಚಿನದು. ಯಾರು ತೇರ್ಗಡೆಯಾಗುತ್ತಾರೆ, ಯಾರು ನಪಾಸಾಗುತ್ತಾರೆ ಎಂಬುದು ಇನ್ನೂ ಯಾರಿಗೂ ತಿಳಿಯದ ದಿನವದು. ಗಣಿತದಲ್ಲಿ ನೂರಕ್ಕೆ ನೂರು ತೆಗೆಯಲಿರುವವನೂ ಮೂರು ವಿಷಯಗಳಲ್ಲಿ ಮುಗ್ಗರಿಸಲಿರುವವನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಉಪ್ಪಿಟ್ಟು ತಿನ್ನುವ ಕಡೆಯ ಸಂದರ್ಭ. ಫಲಿತಾಂಶ ಬಂದ ಮೇಲೆ ನಡೆಯುವ ಪ್ರತಿಭಾ ಪುರಸ್ಕಾರಗಳಿಗೆ ಅಂಕ ಗಳಿಸಿದವರನ್ನು ಮಾತ್ರ ಕರೆಯುತ್ತಾರೆ. ಉಳಿದವರಿಗೆ ಶಾಲೆ ಸಾರ್ವಜನಿಕವಾಗಿ ಮಾಡುವ ಗೌರವ ಇದೊಂದೇ. ನಾನು ಹೆಚ್ಚು ಕಾಲ ಕಲಿಸಿದ್ದು ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ. ಅಲ್ಲಿಯ ಎಷ್ಟೋ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಓದಿನ ಕೊನೆಯ ಸಮಾರಂಭವೂ ಅದೇ ಆಗಿತ್ತು. ಮರುವರ್ಷ ನಮಗೆ ಅವರ ಕಡೆಯಿಂದ ತಲುಪುತ್ತಿದ್ದದ್ದು ಮದುವೆಯ ಕರೆಯೋಲೆ. ಹೀಗಿರುವಾಗ ಜಾಗದ ಪ್ರಶ್ನೆ ನನ್ನ ಪಾಲಿಗೆ ಬಹಳ ಸರಳವಾದುದು. ಯಾವ ಜಾಗ ಚೆನ್ನಾಗಿದೆ ಎಂದಲ್ಲ, ಯಾವ ಜಾಗಕ್ಕೆ ಎಲ್ಲರೂ ಬರಬಲ್ಲರು ಎಂದು ಕೇಳಬೇಕು.

1996ರ ಬ್ಯಾಚಿನವರು ಇದನ್ನು ಓದುತ್ತಿದ್ದರೆ ಮುಗುಳ್ನಗುತ್ತಿರಬಹುದು. ಆ ವರ್ಷ ನಮ್ಮ ಶಾಲೆಯ ಬೀಳ್ಕೊಡುಗೆಯನ್ನು 14 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿ, ಆಗ ತಾನೇ ಕಟ್ಟಿದ್ದ ಕಲ್ಯಾಣ ಮಂಟಪವೊಂದರಲ್ಲಿ ನಡೆಸಬೇಕೆಂದು ತೀರ್ಮಾನವಾಯಿತು. ಸಿಬ್ಬಂದಿ ಸಭೆಯಲ್ಲಿ ನಾನು ಬಸ್ಸಿನ ಮಾತೆತ್ತಿದೆ. "ಒಂದು ದಿನಕ್ಕೇನು ಮೇಷ್ಟ್ರೇ, ಮಕ್ಕಳ ಆಸೆ" ಎಂದರು; ಮಾತು ಅಲ್ಲಿಗೆ ಮುಗಿಯಿತು. ತಲೆಗೆ 60 ರೂಪಾಯಿ ವಂತಿಗೆ ಗೊತ್ತಾಯಿತು. ಆಗ ನಮ್ಮ ಕಡೆ ಹೆಣ್ಣಾಳಿನ ದಿನಗೂಲಿ 25 ರೂಪಾಯಿಯ ಆಸುಪಾಸಿನಲ್ಲಿತ್ತು ಎಂಬುದನ್ನು ಇಂದಿನ ಓದುಗರ ಗಮನಕ್ಕೆ ತರುತ್ತೇನೆ.

ಮಂಟಪವೇನೋ ಭವ್ಯವಾಗಿತ್ತು. ಹೊಳೆಯುವ ನೆಲ, ಎರಡು ಸಾಲು ಫ್ಯಾನು, ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಎರಡು ಸಿಂಹಾಸನಗಳು. ಬೇರೆ ಕುರ್ಚಿಗಳು ಕೊನೆಯ ಗಳಿಗೆಯಲ್ಲಿ ಸಿಕ್ಕದೆ, ವಧೂವರರಿಗೆಂದು ಮಾಡಿಸಿದ್ದ ಆ ಆಸನಗಳ ಮೇಲೆ ನಮ್ಮ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಜೋಡಿಯಾಗಿ ಕುಳಿತುಕೊಳ್ಳಬೇಕಾಯಿತು. ಅವರ ತಲೆಯ ಹಿಂದೆ ಥರ್ಮೋಕೋಲಿನ ಅಕ್ಷರಗಳಲ್ಲಿ ಹಿಂದಿನ ದಿನದ ‘ಶುಭವಿವಾಹ’ ಹಾಗೆಯೇ ಉಳಿದಿತ್ತು. ಮಕ್ಕಳು ನಗು ತಡೆಯಲಾರದೆ ಒದ್ದಾಡಿದ್ದು ನೆನಪಿದೆ. ನನಗೂ ನಗು ಬಂದಿತ್ತು, ಆದರೆ ಬೇರೊಂದು ಕಡೆಗೆ ನನ್ನ ಕಣ್ಣು ಹೋಗಿತ್ತು. ಹಾಜರಿ ತೆಗೆದುಕೊಳ್ಳುವುದು ಮೇಷ್ಟರ ಕೈಚಟವಲ್ಲವೇ? ಸುಮ್ಮನೆ ಎಣಿಸಿದೆ. 94 ಮಕ್ಕಳ ತರಗತಿಯಲ್ಲಿ ಬಂದವರು 71. ಬಾರದ 23 ಮಂದಿಯಲ್ಲಿ 16 ಜನ ಹೆಣ್ಣುಮಕ್ಕಳು. ಸಂಜೆ ಆರೂಕಾಲಿಗೆ ಹೊರಡುವ ಕೊನೆಯ ಬಸ್ಸು ಅವರನ್ನು ಮುಖ್ಯರಸ್ತೆಯಲ್ಲಿ ಇಳಿಸಿದರೆ ಅಲ್ಲಿಂದ ಹಟ್ಟಿಗಳಿಗೆ ಕತ್ತಲಲ್ಲಿ ನಡೆಯಬೇಕು; ಯಾವ ತಂದೆತಾಯಿ ಕಳಿಸುತ್ತಾರೆ? ಉಳಿದ ಏಳು ಹುಡುಗರು ಹಣ ಕೊಡಲಾರದವರು. ಕೊಡಲಾಗುವುದಿಲ್ಲವೆಂದು ಹೇಳುವುದಕ್ಕಿಂತ ಬಾರದಿರುವುದೇ ಅವರಿಗೆ ಸುಲಭವಾಗಿ ಕಂಡಿತ್ತು.

ಆ ದಿನವೇ ಹಾಲ್‌ಟಿಕೆಟ್ ಹಂಚುವ ಪದ್ಧತಿ ನಮ್ಮಲ್ಲಿತ್ತು. 71 ಮಕ್ಕಳು ಅದನ್ನು ವೇದಿಕೆಯ ಮೇಲೆ, ಚಪ್ಪಾಳೆಯ ನಡುವೆ, ಅತಿಥಿಗಳ ಕೈಯಿಂದ ಪಡೆದರು. 23 ಮಕ್ಕಳು ಸೋಮವಾರ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರ ಮುಂದೆ ಸಹಿ ಮಾಡಿ ಪಡೆದರು. ಅವರಲ್ಲೊಬ್ಬ ಹುಡುಗಿ ಹಾಲ್‌ಟಿಕೆಟ್ಟನ್ನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡು, "ಸಾರ್, ಗ್ರೂಪ್ ಫೋಟೋ ಇನ್ನೊಂದ್ಸಲ ತೆಗೆಸ್ತಾರಾ?" ಎಂದು ಕೇಳಿದಳು. ತೆಗೆಸಲಿಲ್ಲ. ಮಂಟಪದ ಮೆಟ್ಟಿಲ ಮೇಲೆ ತೆಗೆಸಿದ ಆ ಫೋಟೋ ಕಟ್ಟು ಹಾಕಿಸಿಕೊಂಡು ನಾನು ನಿವೃತ್ತನಾಗುವವರೆಗೂ ಶಾಲೆಯ ಕಚೇರಿಯ ಗೋಡೆಯ ಮೇಲಿತ್ತು. ಅದರ ಕೆಳಗೆ ‘ಹತ್ತನೆಯ ತರಗತಿ, 1995-96’ ಎಂದು ಬರೆದಿದೆ.

ಮರುವರ್ಷ ಕಲ್ಯಾಣ ಮಂಟಪದ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಊರಿನ ಹಿರಿಯರೇ ನಾಲ್ಕೈದು ಮಂದಿ ಶಾಲೆಗೆ ಬಂದು ಒಂದು ಸಲಹೆಯನ್ನು ಮುಂದಿಟ್ಟರು. ಊರ ದೇವಸ್ಥಾನದ ಪ್ರಾಂಗಣವನ್ನು ಬಳಸಿಕೊಳ್ಳಿ. ಬಾಡಿಗೆಯಿಲ್ಲ, ಕಲ್ಲು ಹಾಸಿನ ನೆಲ ತಂಪಾಗಿದೆ, ಬಾವಿಯ ನೀರಿದೆ, ಐನೂರು ಜನಕ್ಕೆ ಅಡುಗೆ ಮಾಡುವ ಪಾತ್ರೆಗಳಿವೆ, ಮಕ್ಕಳಿಗೆಲ್ಲ ನಾವೇ ಊಟ ಹಾಕಿಸುತ್ತೇವೆ. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಸಿಬ್ಬಂದಿಯ ಕೊಠಡಿಯಲ್ಲಿ ಎಲ್ಲರಿಗೂ ನಿರಾಳವಾಯಿತು. ದೂರವಿಲ್ಲ, ಖರ್ಚಿಲ್ಲ, ಬಿಸಿಲಿಲ್ಲ. ಹಿಂದಿನ ವರ್ಷದ ದೋಷಗಳಿಗೆಲ್ಲ ಪರಿಹಾರ ಸಿಕ್ಕಂತಾಗಿತ್ತು.

ಆಗ ತರಗತಿಯ ನಾಯಕಿಯಾಗಿದ್ದ ಹುಡುಗಿ, ಓದಿನಲ್ಲಿ ಮುಂದಿದ್ದವಳು, ಮಧ್ಯಾಹ್ನದ ಬಿಡುವಿನಲ್ಲಿ ಬಂದು ಬಾಗಿಲ ಬಳಿ ನಿಂತಳು. "ಸಾರ್, ನಾನು ಬರ್ತೀನಿ. ನಮ್ಮವ್ವನ್ನ ಮಾತ್ರ ಕರೀಬೇಡಿ. ಅವಳು ಗುಡಿ ಹತ್ರ ಬರಲ್ಲ" ಎಂದಳು. ಹೆಚ್ಚು ವಿವರಿಸಲಿಲ್ಲ, ವಿವರಿಸುವ ಅಗತ್ಯವೂ ಇರಲಿಲ್ಲ. ಅವಳ ಮನೆ ಊರಾಚೆಯ ಕೇರಿಯಲ್ಲಿತ್ತು. ಹಿರಿಯರನ್ನು ಕೇಳಿದ್ದರೆ, "ಯಾರೂ ತಡೆಯುವುದಿಲ್ಲವಲ್ಲ ಮೇಷ್ಟ್ರೇ, ಕಾಲ ಬದಲಾಗಿದೆ" ಎನ್ನುತ್ತಿದ್ದರು. ಅದು ಸುಳ್ಳೂ ಆಗಿರುತ್ತಿರಲಿಲ್ಲ. ಸಮಾಜ ವಿಜ್ಞಾನದ ಮೇಷ್ಟರಾದ ನಾನು ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆಯೆಂದು ಅದೇ ಹುಡುಗಿಗೆ ಪಾಠ ಮಾಡಿ, ಪ್ರಶ್ನೆ ಕೇಳಿ, ಪೂರ್ಣಾಂಕವನ್ನೂ ಕೊಟ್ಟಿದ್ದೆ. ಆದರೆ ನಲವತ್ತು ವರ್ಷ ಹೊರಗೆ ನಿಂತ ಕಾಲನ್ನು ಯಾವ ವಿಧಿಯೂ ಎತ್ತಿ ಹೊಸ್ತಿಲೊಳಗೆ ಇಡಲಾರದು. ಹೀಗೆ ಹಿಂಜರಿಯುವವರು ಅವರೊಬ್ಬರೇ ಅಲ್ಲ. ತರಗತಿಯಲ್ಲಿ ಒಂಬತ್ತು ಮಂದಿ ಮುಸಲ್ಮಾನರ ಮಕ್ಕಳಿದ್ದರು.

ನಮ್ಮ ಅಂದಿನ ಮುಖ್ಯೋಪಾಧ್ಯಾಯರು ಮಾತು ಕಡಿಮೆಯ ಮನುಷ್ಯ. ವಿಷಯ ಕೇಳಿದವರೇ ಹಿರಿಯರ ಮನೆಗೆ ಹೋಗಿ, "ಮಕ್ಕಳು ತಾವು ಓದಿದ ಅಂಗಳದಲ್ಲೇ ಆಗಲಿ ಅಂತ ಆಸೆಪಡ್ತಾರೆ, ತಾವೆಲ್ಲ ಅಲ್ಲಿಗೇ ದಯಮಾಡಿಸಬೇಕು" ಎಂದು ಕೈಮುಗಿದು ಬಂದರು. ಯಾರ ಮನಸ್ಸೂ ಮುರಿಯಲಿಲ್ಲ. ಸಮಾರಂಭದ ದಿನ ದೇವಸ್ಥಾನದ ಕಡೆಯಿಂದ ಎರಡು ಕೊಪ್ಪರಿಗೆ ಪುಳಿಯೋಗರೆ ಎತ್ತಿನಗಾಡಿಯಲ್ಲಿ ಶಾಲೆಗೇ ಬಂತು.

ಇದು ನಮ್ಮ ಹಳ್ಳಿಗಳ ತೊಡಕು ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಮಗಳು ವಾಸಿಸುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಅದೇ ರಾಜ್ಯದ ಮಿಲ್ವಾಕಿ ನಗರದ ಪಕ್ಕದಲ್ಲಿ ಬ್ರೂಕ್‌ಫೀಲ್ಡ್ ಎಂಬ ಊರಿದೆ. ಅಲ್ಲಿಯ ಎಲ್ಮ್‌ಬ್ರೂಕ್ ಶಾಲಾ ಆಡಳಿತಕ್ಕೆ ಸೇರಿದ ಎರಡು ಸರ್ಕಾರಿ ಹೈಸ್ಕೂಲುಗಳ ಪದವಿ ಸಮಾರಂಭ ಎಲ್ಲಿ ನಡೆಯಬೇಕೆಂಬ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಬಾಗಿಲಿನವರೆಗೂ ಹೋಗಿತ್ತೆಂದರೆ ನೀವು ನಂಬಲಾರಿರಿ. ಶಾಲೆಯ ವ್ಯಾಯಾಮಶಾಲೆಯಲ್ಲಿ ಸೆಕೆ, ಇಕ್ಕಟ್ಟು, ಗಟ್ಟಿ ಆಸನಗಳು, ಹವಾನಿಯಂತ್ರಣವಿಲ್ಲ. ಬೇರೆ ಜಾಗ ಬೇಕೆಂದು ಕೇಳಿದವರು ವಿದ್ಯಾರ್ಥಿಗಳೇ. 2000ದಲ್ಲಿ ಮೊದಲು ಒಂದು ಶಾಲೆಯವರು, ಆಮೇಲೆ ಇನ್ನೊಂದು ಶಾಲೆಯವರು ಊರಿನ ದೊಡ್ಡ ಚರ್ಚೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದರು. ಅಲ್ಲಿ ಮೆತ್ತನೆಯ ಆಸನಗಳಿದ್ದವು, ತಂಪಿತ್ತು, ಕಾರು ನಿಲ್ಲಿಸಲು ವಿಶಾಲವಾದ ಜಾಗವಿತ್ತು. ವೇದಿಕೆಯ ಮೇಲ್ಭಾಗದಲ್ಲಿ ದೊಡ್ಡದೊಂದು ಶಿಲುಬೆಯೂ ಇತ್ತು. ಆಸನಗಳ ಬಳಿ ಬೈಬಲ್ಲುಗಳಿದ್ದವು. ಕೆಲವು ವಿದ್ಯಾರ್ಥಿಗಳೂ ಪೋಷಕರೂ ತಮ್ಮ ಹೆಸರು ಬಹಿರಂಗಪಡಿಸದೆ 2009ರಲ್ಲಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. 2012ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಹತ್ತು ನ್ಯಾಯಾಧೀಶರ ಪೀಠವು ಏಳು ಮೂರರ ಬಹುಮತದಿಂದ, ಆ ಪರಿಸರದಲ್ಲಿ ಸರ್ಕಾರಿ ಶಾಲೆಯ ಸಮಾರಂಭ ನಡೆಸಿದ್ದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 2014ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಮರುಪರಿಶೀಲಿಸಲು ನಿರಾಕರಿಸಿತು. ಅಷ್ಟರಲ್ಲಿ ಶಾಲೆಗಳು ತಮ್ಮ ಆವರಣದಲ್ಲೇ ಹೊಸ ಕ್ರೀಡಾಭವನಗಳನ್ನು ಕಟ್ಟಿಸಿಕೊಂಡು, 2010ರ ವೇಳೆಗೇ ಸಮಾರಂಭವನ್ನು ಸ್ವಂತ ನೆಲಕ್ಕೆ ತಂದುಕೊಂಡಿದ್ದವು.

ಮೆತ್ತನೆಯ ಆಸನ ಯಾರಿಗೆ ಬೇಡ? ಬೆನ್ನುನೋವಿನ ನನಗಂತೂ ಬೇಕೇಬೇಕು. ಚರ್ಚಿನವರೂ ನಮ್ಮೂರ ಹಿರಿಯರಂತೆಯೇ ಒಳ್ಳೆಯ ಮನಸ್ಸಿನಿಂದಲೇ ಜಾಗ ಕೊಟ್ಟಿರಬೇಕು. ಆದರೂ ಆ ಸಭೆಯಲ್ಲಿ ಕುಳಿತ ಯಾವುದೋ ಒಂದು ಮನೆಯವರಿಗೆ ತಮ್ಮ ಮಗುವಿನ ಹೆಸರು ಕರೆಯುವಾಗ ತಾವು ಇನ್ನೊಬ್ಬರ ಮನೆಯಲ್ಲಿದ್ದೇವೆ ಎನ್ನಿಸಿತು. ಅವರು ಹೆಸರು ಮುಚ್ಚಿಟ್ಟುಕೊಂಡು ನ್ಯಾಯಾಲಯಕ್ಕೆ ಹೋದದ್ದು, ನಮ್ಮ ಹುಡುಗಿ ತರಗತಿಯಲ್ಲಿ ಕೈಯೆತ್ತಿ ಹೇಳದೆ ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದ್ದು, ಎರಡೂ ನನಗೆ ಒಂದೇ ಬಗೆಯವಾಗಿ ತೋರುತ್ತವೆ.

ಮಗಳ ಊರಿನ ಶಾಲೆಯಲ್ಲಿ 2017ರ ಜೂನ್ ತಿಂಗಳಲ್ಲಿ ಮೊಮ್ಮಗನ ಸಮಾರಂಭವನ್ನು ನಾನೇ ನೋಡಿದೆ. ಅದು ನಡೆದದ್ದು ಶಾಲೆಯ ಫುಟ್‌ಬಾಲ್ ಮೈದಾನದಲ್ಲಿ. ಮನೆಗೆ ಎರಡು ಬಣ್ಣದ ಟಿಕೆಟ್ಟುಗಳು ಬಂದಿದ್ದವು: ಮೈದಾನಕ್ಕಾದರೆ ಎಂಟು, ಮಳೆ ಬಂದು ವ್ಯಾಯಾಮಶಾಲೆಗೆ ಸ್ಥಳಾಂತರವಾದರೆ ನಾಲ್ಕು. ಮನೆಯಲ್ಲಿದ್ದವರು ಆರು ಜನ. ಮಳೆ ಬಂದರೆ ಹೊರಗುಳಿಯುವ ಇಬ್ಬರು ಯಾರೆಂಬ ಚರ್ಚೆ ಮೂರು ದಿನ ನಡೆದು, ಬೀಗರೂ ನಾನೂ ಪರಸ್ಪರ ತ್ಯಾಗಕ್ಕೆ ಸಿದ್ಧರಾಗಿ ಇಬ್ಬರೂ ಮನಸ್ಸಿನೊಳಗೇ ಮುಗಿಲು ನೋಡುತ್ತಿದ್ದೆವು. ಮಳೆ ಬರಲಿಲ್ಲ. ಲೋಹದ ಮೆಟ್ಟಿಲಾಸನಗಳ ಮೇಲೆ ಎರಡು ತಾಸು ಕುಳಿತು ಸೊಂಟ ಹಿಡಿದುಕೊಂಡರೂ, ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಮುನ್ನೂರಕ್ಕೂ ಹೆಚ್ಚು ಮಕ್ಕಳ ಹೆಸರನ್ನು, ಒಬ್ಬರನ್ನೂ ಬಿಡದೆ, ಒಂದೊಂದಾಗಿ ಓದಿದರು. ನಮ್ಮ ಸಮಾರಂಭಗಳಲ್ಲಿ ಓದುವುದು ಅತಿಥಿಗಳ ಹೆಸರನ್ನು, ಅದೂ ಬಿರುದುಬಾವಲಿಗಳ ಸಮೇತ.

ಶಾಲೆಯ ಅಂಗಳವೇ ಲೇಸು ಎಂದು ಹೇಳುವುದು ಸುಲಭ. ಅದನ್ನು ಸಮಾರಂಭಕ್ಕೆ ಒಗ್ಗಿಸುವುದಕ್ಕೆ ಸ್ವಲ್ಪ ಬುದ್ಧಿ ಖರ್ಚು ಮಾಡಬೇಕು. 1997ರಲ್ಲಿ ನಾವು ಎದುರಿಸಿದ ಮೊದಲ ಸಮಸ್ಯೆ ಬಿಸಿಲು. ಅಂಗಳದ ಸುತ್ತ ಹೊಂಗೆಯ ಮರಗಳಿವೆಯಲ್ಲ ಎನ್ನಬೇಡಿ. ಹೊಂಗೆ, ಬೇವುಗಳು ಸರಿಯಾಗಿ ನಮಗೆ ನೆರಳು ಬೇಕಾದ ಆ ಹೊತ್ತಿಗೇ ಎಲೆಯುದುರಿಸಿ ನಿಂತಿರುತ್ತವೆ. ಇನ್ನು ಬಯಲು ರಂಗಮಂದಿರ. ಅದನ್ನು ಕಟ್ಟಿಸಿಕೊಟ್ಟ ದಾನಿಗಳು ವಾಸ್ತುವಿನ ಪ್ರಕಾರ ವೇದಿಕೆಗೆ ಪೂರ್ವಮುಖ ಇಡಿಸಿದ್ದರು. ವೇದಿಕೆಯ ಮೇಲಿನವರಿಗೆ ಶುಭವಾಯಿತೇನೋ, ಎದುರಿಗೆ ಹಿಂದಿನ ಸಾಲುಗಳಲ್ಲಿ ಕುಳಿತವರೆಲ್ಲ ಪಡುವಣದ ಸೂರ್ಯನನ್ನು ನೋಡುತ್ತ ಕಣ್ಣು ಕಿರಿದು ಮಾಡಿಕೊಂಡಿರಬೇಕು. ದಾನಿಗಳ ಹೆಸರಿನ ಕಲ್ಲಿಗೆ ಗೌರವ ಸಲ್ಲಿಸಿ, ನಾವು ಆ ವೇದಿಕೆಯನ್ನು ಬಿಟ್ಟೆವು.

ಉಪಾಯ ಹೊಳೆದದ್ದು ನಮ್ಮ ಜವಾನರಿಗೆ. ಅವರು ದಿನವೂ ಮಧ್ಯಾಹ್ನ ಮೂರರ ಮೇಲೆ ತಮ್ಮ ಸೈಕಲ್ಲನ್ನು ಕಟ್ಟಡದ ಮೂಡಣ ಬದಿಗೆ ತಂದು ನಿಲ್ಲಿಸುತ್ತಿದ್ದರು. ಶಾಲೆಯ ಉದ್ದನೆಯ ಕಟ್ಟಡ ಉತ್ತರ ದಕ್ಷಿಣವಾಗಿದ್ದುದರಿಂದ, ಹೊತ್ತು ಇಳಿದಂತೆ ಅದರ ನೆರಳು ಪೂರ್ವದ ಅಂಗಳದ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತಿತ್ತು. ನಾಲ್ಕು ಗಂಟೆಗೆ ಅದು ಧ್ವಜಸ್ತಂಭದ ಕಟ್ಟೆಯನ್ನು ಮುಟ್ಟುತ್ತಿತ್ತು. ಮರಗಳು ಮೋಸ ಮಾಡಿದರೂ ಗೋಡೆ ಮಾಡುವುದಿಲ್ಲ. ಕಟ್ಟಡದ ಜಗಲಿಯನ್ನೇ ವೇದಿಕೆ ಮಾಡಿದೆವು. ಒಂಬತ್ತನೆಯ ತರಗತಿಯ ಹುಡುಗರು ಬೆಂಚುಗಳನ್ನೆಲ್ಲ ಹೊರಗೆ ಹೊತ್ತು ತಂದು ನೆರಳಿನಲ್ಲಿ ಸಾಲಾಗಿ ಇಟ್ಟರು. ಮೂರೂವರೆಗೆ ಆರಂಭ, ಐದಕ್ಕೆ ಉಪ್ಪಿಟ್ಟು, ಐದೂವರೆಯ ಬಸ್ಸಿಗೆ ಹಟ್ಟಿಯ ಮಕ್ಕಳು. ವಂತಿಗೆಯನ್ನು ಹತ್ತು ರೂಪಾಯಿಗೆ ಇಳಿಸಿ, ಕೊಡದವರ ಪಟ್ಟಿ ಮಾಡಬಾರದೆಂದು ತೀರ್ಮಾನಿಸಿದೆವು. ಮೈಕು ಸಹ ಬೇಡವೆಂದು ನಾನು ವಾದಿಸಿದೆ, ಆದರೆ ಮೈಕಿಲ್ಲದ ಸಮಾರಂಭ ಸಮಾರಂಭವೇ ಅಲ್ಲವೆಂದು ಮಕ್ಕಳು ಹೇಳಿದ್ದರಿಂದ ಒಂದು ಮೈಕು ಬಂತು. ಅದು ಅರ್ಧದಲ್ಲಿ ಕೆಟ್ಟಾಗ ಯಾರಿಗೂ ಗೊತ್ತಾಗಲಿಲ್ಲ.

ಶಾಮಿಯಾನ ಹಾಕಿಸದೆ ನೆರಳನ್ನು ಹುಡುಕಿದ್ದಕ್ಕೆ ಖರ್ಚು ಮಾತ್ರ ಕಾರಣವಲ್ಲ. ನನ್ನ ವಯಸ್ಸಿನವರಿಗೆ 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತದ್ದು ನೆನಪಿದೆ. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕ ಸಮಾರಂಭ ಮದುವೆ ಮಂಟಪವೊಂದರ ಆವರಣದಲ್ಲಿ ನಡೆಯುತ್ತಿತ್ತು. ಚಪ್ಪರದ ಬಟ್ಟೆಗೆ ಹತ್ತಿದ ಬೆಂಕಿ ಕೆಲವೇ ನಿಮಿಷಗಳಲ್ಲಿ 400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಆ ಸುದ್ದಿ ಓದಿ ಎರಡು ತಿಂಗಳಾಗಿತ್ತಷ್ಟೆ, ನಾವು ಆ ಕಲ್ಯಾಣ ಮಂಟಪಕ್ಕೆ ಹೋಗಿದ್ದೆವು. ಒಳಗೆ ಕಾಲಿಟ್ಟವನೇ ನಾನು ಮಾಡಿದ ಮೊದಲ ಕೆಲಸವೆಂದರೆ ಬಾಗಿಲುಗಳನ್ನು ನೋಡಿದ್ದು. ಮುಂದಿನದು ಒಂದು ತೆರೆದಿತ್ತು. ಅಡುಗೆಮನೆಯ ಕಡೆಯ ಬಾಗಿಲಿಗೆ ಬೀಗ ಹಾಕಿ, ಅದಕ್ಕೆ ಒತ್ತಿದಂತೆ ಬಾಡಿಗೆಯ ಹಂಡೆಗಳನ್ನು ಜೋಡಿಸಿದ್ದರು. ಮಂಟಪ ನೋಡಿಕೊಳ್ಳುವಾತನನ್ನು ಹುಡುಕಿ, ಬೀಗ ತೆಗೆಸಿ, ಹಂಡೆಗಳನ್ನು ಸರಿಸಿದ ಮೇಲೆಯೇ ಕಾರ್ಯಕ್ರಮ ಆರಂಭವಾಗಲು ಬಿಟ್ಟದ್ದು. "ಇದೇನು ಮೇಷ್ಟ್ರೇ, ಮದುವೆಮನೇಲಿ ಇಂಥ ಯೋಚನೆ" ಎಂದು ಆತ ಗೊಣಗಿದ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಬೆಂಕಿಗೆ ಆಹುತಿಯಾದ ನಂತರ ಈ ಬಗೆಯ ಯೋಚನೆಗೆ ಯಾರೂ ಗೊಣಗುವುದಿಲ್ಲ ಅಂದುಕೊಳ್ಳುತ್ತೇನೆ. ಸಭಾಂಗಣವನ್ನೇ ಗೊತ್ತುಮಾಡುವ ಅನಿವಾರ್ಯ ಬಂದರೆ, ಮುಖ್ಯೋಪಾಧ್ಯಾಯರುಗಳೇ, ಮುಂಗಡ ಹಣ ಕೊಡುವ ಮುಂಚೆ ಹಿಂದಿನ ಬಾಗಿಲನ್ನು ನೀವೇ ಕೈಯಾರೆ ತೆರೆದು ನೋಡಿ. ಅದರ ಜೊತೆಗೆ ಹೆಣ್ಣುಮಕ್ಕಳ ಶೌಚಾಲಯವನ್ನೂ ನೋಡಿ. ಆ ದಿನ ಅನೇಕ ಹುಡುಗಿಯರು ಮೊದಲ ಬಾರಿಗೆ ಸೀರೆ ಉಟ್ಟಿರುತ್ತಾರೆ, ಅದೂ ಅಮ್ಮನದು ಅಥವಾ ಅಕ್ಕನದು, ಸರಿಪಡಿಸಿಕೊಳ್ಳಲು ಒಂದು ಬಾಗಿಲಿರುವ ಕೋಣೆ ಬೇಕಾಗುತ್ತದೆ.

ಈಗಿನ ವೈಭವವನ್ನು ಕುರಿತು ಹೆಚ್ಚು ಬರೆಯುವ ಇಷ್ಟವಿಲ್ಲ. ನಗರದ ಖಾಸಗಿ ಶಾಲೆಗಳಲ್ಲಿ ಯುಕೆಜಿ ಮುಗಿಸಿದ ಕಂದಮ್ಮಗಳಿಗೂ ಕಪ್ಪು ಗೌನು ತೊಡಿಸಿ ಪದವಿ ಪ್ರದಾನ ಮಾಡುತ್ತಾರೆ. ನೋಡಲು ಮುದ್ದಾಗಿಯೇ ಇರುತ್ತದೆ. ಹತ್ತನೆಯ ತರಗತಿಯ ಬೀಳ್ಕೊಡುಗೆಯನ್ನು ರೆಸಾರ್ಟುಗಳಲ್ಲಿ, ಡಿಜೆ ಸಂಗೀತದ ಜೊತೆಗೆ ನಡೆಸುವ ಶಾಲೆಗಳಿವೆಯಂತೆ. ಎಲ್ಲರೂ ಅನುಕೂಲಸ್ಥರೇ ಇರುವಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಅದನ್ನು ಮೊಬೈಲಿನಲ್ಲಿ ನೋಡಿ ಆಸೆಪಡುವ ಹೋಬಳಿ ಶಾಲೆಯ ಮಕ್ಕಳಿಗೆ ‘ಬೇಡ’ ಎಂದು ಗದರಬೇಡಿ. ಅವರ ಎದುರಿಗೆ ಹಾಜರಿ ಪುಸ್ತಕ ಇಟ್ಟು, ಈ ಜಾಗಕ್ಕೆ ಯಾರು ಯಾರು ಬರಲಾರರೆಂದು ಒಂದೊಂದೇ ಹೆಸರು ಓದಿಸಿ. ನಾನು ಅನೇಕ ವರ್ಷ ಹೀಗೆಯೇ ಮಾಡಿದ್ದೇನೆ. ಹತ್ತು ಹದಿನೈದು ಹೆಸರು ಓದುವಷ್ಟರಲ್ಲಿ ಮಕ್ಕಳೇ ನಿಲ್ಲಿಸಿ, "ಶಾಲೆಯಲ್ಲೇ ಮಾಡೋಣ ಸಾರ್" ಎನ್ನುತ್ತಿದ್ದರು.

1997ರಲ್ಲಿ 88 ಮಕ್ಕಳ ಪೈಕಿ 86 ಮಂದಿ ಬಂದರು, ಉಳಿದಿಬ್ಬರಿಗೆ ಜ್ವರ. ಆ ಹುಡುಗಿಯ ತಾಯಿ ಗದ್ದೆಯ ಕೆಲಸ ಮುಗಿಸಿ, ನಾಲ್ಕರ ಹೊತ್ತಿಗೆ ಗೇಟಿನ ಹೊರಗೆ ಬಂದು ನಿಂತರು. ಮಗಳು ಹೋಗಿ ಕೈಹಿಡಿದು ಕರೆದಳು. ಒಳಗೆ ಬಂದ ಮೇಲೂ ಧ್ವಜಸ್ತಂಭದ ಹತ್ತಿರ ನಿಂತೇ ಎಲ್ಲವನ್ನೂ ನೋಡಿದರು. ಉಪ್ಪಿಟ್ಟು ಹಂಚುವಾಗ ನಾನು ಹತ್ತಿರ ಹೋಗಿ, ಕೂತುಕೊಳ್ಳಿ ತಾಯಿ ಎಂದೆ. ಆಕೆ ಬೆಂಚುಗಳತ್ತ ಕಣ್ಣಾಡಿಸಿ, "ಇದರಾಗೆ ನಮ್ಮ ಮಗಾ ದಿನಾ ಕೂರೋದು ಯಾವುದು ಸಾಮಿ?" ಎಂದು ಕೇಳಿದರು. ಹುಡುಗಿ ಮೂರನೆಯ ಸಾಲಿನ, ಕೈವಾರದಿಂದ ಗೀಚಿದ ಗುರುತುಗಳಿದ್ದ ಒಂದು ಬೆಂಚನ್ನು ತೋರಿಸಿದಳು. ಆಕೆ ಸೆರಗಿನಿಂದ ಅದರ ಧೂಳು ಒರೆಸಿ ಕುಳಿತರು. ಹತ್ತು ವರ್ಷದ ಓದಿನಲ್ಲಿ ಅವರು ಮಗಳ ಶಾಲೆಯೊಳಗೆ ಬಂದದ್ದು ಅದೇ ಮೊದಲು.

ಇನ್ನೊಂದು ವಿಷಯ ಮರೆತಿದ್ದೆ. ಫೋಟೋದವರನ್ನು ಮುಂಚೆಯೇ ಕರೆಸಿ ಬಿಸಿಲಿನಲ್ಲಿ ಮಕ್ಕಳ ಕಣ್ಣು ಮುಚ್ಚಿಸಬೇಡಿ. ಕಟ್ಟಡ ಉತ್ತರ ದಕ್ಷಿಣವಾಗಿದ್ದರೆ ನಾಲ್ಕೂವರೆಗೆ ಬರಲಿ. ಆಗ ಅಂಗಳದಲ್ಲೆಲ್ಲ ಒಂದೇ ಸಮನಾದ ನೆರಳಿರುತ್ತದೆ, ಯಾರ ಮುಖವೂ ಕಪ್ಪಾಗಿ ಬರುವುದಿಲ್ಲ. ತಡವಾಗಿ ಬರುವ ಮಕ್ಕಳಿಗೂ ಅಷ್ಟು ಹೊತ್ತಿಗೆ ಬಂದು ಸೇರಿಕೊಳ್ಳಲು ಸಮಯ ಸಿಕ್ಕಿರುತ್ತದೆ. ಐದೂವರೆಯ ಬಸ್ಸಿನ ಕಂಡಕ್ಟರಿಗೆ ಹಿಂದಿನ ದಿನವೇ ಹೇಳಿಟ್ಟರೆ ಐದು ನಿಮಿಷ ಕಾಯುತ್ತಾರೆ.